ನಂದಿಬಟ್ಟಲಿನ ಸಿಂಪಿಗ

ರಾಮಕೃಷ್ಣನಗರದಲ್ಲಿ ಬೆಳಗಿನ ವಾಕಿಂಗ್ ಎಂದರೆ ಅರ್ಧ ನಡಿಗೆ, ಅರ್ಧ ಹೂ ಕೀಳುವುದು. ಕವರ್ ಹಿಡಿದು ಹೊರಟವರಿಗೆ ಕಾಂಪೌಂಡಿನಾಚೆ ಬಾಗಿದ ಕೊಂಬೆಯೆಲ್ಲ ದೇವರ ಸ್ವತ್ತು. ನಮ್ಮ ನಂದಿಬಟ್ಟಲಿಗೆ ಎದುರುಮನೆಯ ಆಂಟಿ ಖಾಯಂ ಗಿರಾಕಿ. ಅವರಿಗೆ ಹೆದರಿ ಬೇರೆ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅವರ ಲಿಂಗಪೂಜೆಗೆ ಬಿಳಿ ಹೂವೇ ಆಗಬೇಕು. ನನಗೋ ಅವರು ಕೊಂಬೆ ಜಗ್ಗುವ ಸದ್ದಿಗೇ ಮೈ ಉರಿಯುತ್ತಿತ್ತು.

ಹೋದ ವರ್ಷ ಮಳೆ ಹಿಡಿದ ಮೇಲೆ ಆ ಗಿಡದಲ್ಲಿ ಸಿಂಪಿಗ ಗೂಡು ಕಟ್ಟಿತು. ಹೆಬ್ಬೆರಳಿನಷ್ಟು ಹಕ್ಕಿ, ತುಕ್ಕಿನ ಬಣ್ಣದ ನೆತ್ತಿ, ಹಸಿರು ಬೆನ್ನು, ಸದಾ ನಿಮಿರಿದ ಬಾಲ. ಗಂಟಲು ಮಾತ್ರ ಮೈಗೆ ಮೀರಿದ್ದು. ‘ಟುವ್ವಿ ಟುವ್ವಿ’ ಎಂದು ಶುರುವಿಟ್ಟರೆ ಕುಕ್ಕರಿನ ಸೀಟಿಯೂ ಕೇಳಿಸದು. ಎಲೆಗಳ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆಯ ಎಳೆ ತೂರಿಸಿ, ಹೆಣ್ಣು ಹಕ್ಕಿ ಒಂದು ಜೇಬನ್ನೇ ಹೊಲಿದುಬಿಟ್ಟಿತ್ತು. ಅದೂ ಎಲ್ಲಿ? ಬೀದಿಯ ಕಡೆಯ ಕೊಂಬೆಯಲ್ಲಿ, ಆಂಟಿಯ ಕೈಗೆ ಎಟುಕುವಲ್ಲೇ! ಒಂದು ಸಲ ಜಗ್ಗಿದರೆ ಹೊಲಿಗೆ ಬಿಚ್ಚಿ ಮೊಟ್ಟೆಗಳು ನೆಲದ ಪಾಲು.

ಹೇಳಿಬಿಡಬಹುದಿತ್ತು. ಹೇಳಿದರೆ ಇಡೀ ಬೀದಿ ಬಂದು ಇಣುಕುತ್ತದೆಂದು ಬಾಯಿ ಬಿಡಲಿಲ್ಲ. ಬದಲಿಗೆ ನಾನೇ ಬೇಗ ಎದ್ದು, ಗೂಡಿನ ಸುತ್ತಲ ಹೂವನ್ನೂ ಮೆಲ್ಲಗೆ ಬಿಡಿಸಿ, ಆಂಟಿಯ ಬಾಗಿಲಿಗೇ ಒಯ್ದು ಕೊಡತೊಡಗಿದೆ. ಅವರು ಕಣ್ಣರಳಿಸಿ ತೆಗೆದುಕೊಂಡರು. ಇವಳಿಗೆ ಇದ್ದಕ್ಕಿದ್ದಂತೆ ಏನಾಯಿತೆಂದು ನನ್ನ ಗಂಡನೂ ನೋಡಿದರು.

ಮೊಟ್ಟೆಯೊಡೆದ ಮೇಲೆ ಗಂಡು, ಹೆಣ್ಣು ಎರಡಕ್ಕೂ ಬಿಡುವಿಲ್ಲ. ಹಸಿರು ಹುಳು, ನೊಣ, ಪುಟ್ಟ ಜೇಡ, ಸಿಕ್ಕಿದ್ದನ್ನು ಕಚ್ಚಿ ತರುವುದು, ಮರಿಯ ಬಾಯಿಗೆ ತುರುಕಿ ಮತ್ತೆ ಹಾರುವುದು. ಕಾಫಿ ಲೋಟ ಹಿಡಿದು ಅದನ್ನು ನೋಡುತ್ತಾ ಕೂರುವುದೇ ಒಂದು ಸುಖವಾಗಿತ್ತು.

ಒಂದು ಬೆಳಿಗ್ಗೆ ಗೂಡು ಖಾಲಿ. ಮೊಂಡು ಬಾಲದ ಮರಿಗಳು ಪಕ್ಕದ ದಾಸವಾಳದಲ್ಲಿ ಒತ್ತಿಕೊಂಡು ಕೂತು ಬಾಯಿ ಕಳೆಯುತ್ತಿದ್ದವು. ಗೆದ್ದ ಖುಷಿಯಲ್ಲಿ ಆಂಟಿಯನ್ನು ಕರೆದು ತೋರಿಸಿದೆ. “ಇನ್ಮೇಲೆ ನೀವೇ ಕಿತ್ಕೊಳಿ ಆಂಟಿ. ಗೂಡಿತ್ತು ಅಂತ ಇಷ್ಟು ದಿನ ನಾನೇ ತಂದ್ಕೊಡ್ತಿದ್ದೆ.”

“ನಂಗೊತ್ತಿಲ್ವೇನಮ್ಮ!” ಎಂದರು ಅವರು. “ಜಗಲಿ ಮೇಲೆ ಬತ್ತಿ ಹೊಸೆಯೋಕೆ ಹತ್ತಿ ಇಟ್ಕೊಂಡು ಕೂತ್ರೆ ಆ ಹಕ್ಕಿ ಬಂದು ಕಚ್ಕೊಂಡು ಹೋಗ್ತಿತ್ತು. ಎಲ್ಲಿಗೆ ಅಂತ ನೋಡಿದ್ರೆ ಈ ಕೊಂಬೆಗೆ! ಅವತ್ತಿಂದ ನಾನು ಈ ಕಡೆ ಕೈ ಹಾಕಿಲ್ಲ. ನಿಂಗೆ ಹೇಳಿದ್ರೆ ಫೋನ್ ಹಿಡ್ಕೊಂಡು ಇಲ್ಲೇ ನಿಂತ್ಬುಡ್ತೀಯ ಅಂತ ಸುಮ್ನಿದ್ದೆ. ಆಮೇಲೆ ನೋಡಿದ್ರೆ ನೀನೇ ದಿನಾ ಬೆಳಗೆದ್ದು ಅದೇ ಕೊಂಬೆ ಬಗ್ಗಿಸ್ತಿದ್ದೀಯ! ಹೂವು ಬೇಡ ಅಂದ್ರೆ ನಿಂಗೆ ಬೇಜಾರು. ಪೂಜೆಗೆ ಕೂತ್ರೂ ನನ್ನೆದೆ ಡವಡವ ಅಂತಿತ್ತು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಡೀ ಬೀದಿಯಲ್ಲಿ ಅಷ್ಟು ದಿನ ಆ ಗೂಡಿನ ಕೊಂಬೆಗೆ ಕೈ ಹಾಕಿದವಳು ನಾನೊಬ್ಬಳೇ.