ಎಲ್ಲಪ್ಪನ ಅನುಮಾನ, ರಮಾಮಣಿಯ ಟೇಕ್ ಪುಸ್ತಕ

ನಮ್ಮ ಬೀದಿಯ ಎಲ್ಲಪ್ಪನಷ್ಟು ಅನುಮಾನದ ಮನುಷ್ಯ ಸೇಲಂ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಧರ್ಮಪುರಿ ಜಿಲ್ಲೆಯಲ್ಲಿ ಒಬ್ಬನಿದ್ದಾನೆ ಎಂದು ಯಾರಾದರೂ ಹೇಳಿದರೆ ಎಲ್ಲಪ್ಪ ಅದನ್ನೂ ನಂಬುವುದಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಎದುರಿಗಿರುವವನು ತಾನೇ ಹೌದೋ ಅಲ್ಲವೋ ಎಂದು ಮೂರು ಸಲ ತಲೆಯಾಡಿಸಿ ನೋಡಿದ ಮೇಲೆಯೇ ಗಡ್ಡಕ್ಕೆ ಸೋಪು ಹಚ್ಚುತ್ತಾನೆ. ಆದರೆ ರೇಷ್ಮೆ ಪಂಚೆ ನೇಯುವುದರಲ್ಲಿ ಅವನ ಕೈಗೆ ಸಾಟಿಯಿಲ್ಲ. ಅವನು ನೇಯ್ದ ಪಂಚೆಯನ್ನು ಬೆಂಕಿಪೊಟ್ಟಣದಲ್ಲಿ ಮಡಿಸಿಟ್ಟರೆ ಕಡ್ಡಿಗಳಿಗೂ ಜಾಗ ಮಿಗುತ್ತದೆ.

ಮೂವತ್ತೊಂದು ವರ್ಷದಿಂದ ಅವನು ಮಗ್ಗದ ಗುಣಿಯಲ್ಲಿ ಕೂತು ಲಾಳಿ ಹೊಡೆಯುತ್ತಾನೆ. ಹೆಂಡತಿ ರಮಾಮಣಿ ನೂಲು ಸುತ್ತಿಕೊಡುತ್ತಾಳೆ, ಹರಿದ ಎಳೆಗಳಿಗೆ ಗಂಟು ಹಾಕುತ್ತಾಳೆ. ಎಳೆ ಹರಿದ ಮಗ್ಗವನ್ನು ಬಿಟ್ಟು ಹೆಂಗಸು ಹೊಸ್ತಿಲು ದಾಟಬಾರದು ಎಂಬುದು ಆ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಕಟ್ಟಳೆ.

ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡ ನೇಕಾರರದು ಇನ್ನೊಂದು ವಿಚಿತ್ರ. ನಮಗೆ ಶಾಲೆಗೆ ತಮಿಳು, ಬ್ಯಾಂಕಿಗೆ ಇಂಗ್ಲಿಷು. ಕನ್ನಡವಿರುವುದು ಮನೆಯ ಗುಟ್ಟಿಗೆ. ಗಿರಾಕಿಯ ಎದುರಲ್ಲೇ ಬೆಲೆ ಮಾತಾಡಿಕೊಳ್ಳಬೇಕಾದರೆ ಕನ್ನಡ. ಅಪರೂಪಕ್ಕೆ ಬರೆಯಬೇಕಾಗಿ ಬಂದರೆ ಹೆಚ್ಚಿನವರು ತಮಿಳು ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಹಾಗೆ ಬರೆದ ಮೇಲೆ ಅದು ಗುಟ್ಟು, ಗುಟ್ಟಾದ ಮೇಲೆ ನಿಜ. ಎಲ್ಲಪ್ಪ ಕೆಟ್ಟದ್ದು ಅಲ್ಲಿಯೇ.

ಒಂದು ಬುಧವಾರ ಮಧ್ಯಾಹ್ನ ಅವನು ಅಂಗಿಯೊಳಗೆ ಒಂದು ನೋಟುಪುಸ್ತಕ ಬಚ್ಚಿಟ್ಟುಕೊಂಡು ನಮ್ಮ ಮನೆಗೆ ನುಗ್ಗಿದ. ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತಂತೆ.

"ಅಣ್ಣಾ, ನನ್ ಸಂಸಾರ ಮುಗೀತು. ಅವಳು ಓಗ್ತಾವ್ಳೆ."

"ಎಲ್ಲಿಗಲಾ?"

"ಕೇಳು," ಎಂದು ಬಲಗಡೆಯ ಪುಟ ಓದಿದ. ತಮಿಳು ಅಕ್ಷರ, ಅಚ್ಚ ಕನ್ನಡ. "'ಎಂಟು ಗಂಟೆ ಬಸ್ಸಿಗೆ ಹೋಗುತ್ತೇನೆ.' ಆಯ್ತಾ? 'ಅವನು ನನ್ನ ಫೋಟೋ ತೆಗೆದ.' ಯಾವನು? 'ದಿನಾ ಎರಡು ಮಾತ್ರೆ ನುಂಗುತ್ತೇನೆ.' ಅವಳಿಗೆ ತಲೆನೋವೂ ಬರಲ್ಲ ಅಣ್ಣಾ! 'ನನ್ನ ಮಗಳು ನನ್ನ ಹಾಗೇ ಇದ್ದಾಳೆ.'" ಅಲ್ಲಿ ಅವನು ಪುಟದಿಂದ ತಲೆಯೆತ್ತಿದ. "ನಮಗಿರೋದು ಎರಡು ಗಂಡು. ಈ ಮಗಳು ಎಲ್ಲಿಂದ ಬಂದ್ಳು?"

ಕೊನೆಯ ಸಾಲು ನಾನೇ ಓದಿದೆ. "ಇನ್ನು ನನ್ನ ಕೈಲಿ ಸಹಿಸಲು ಆಗುವುದಿಲ್ಲ."

ಎಡಗಡೆಯ ಪುಟದಲ್ಲಿ ಅದೇ ಸಾಲುಗಳಿಗಿದ್ದ ಇಂಗ್ಲಿಷನ್ನು ನಾವಿಬ್ಬರೂ ನೋಡಲಿಲ್ಲ. ನೋಡಿದ್ದರೆ ಸಾಲುಸಾಲಿನಲ್ಲೂ ಟೇಕ್ ಎಂಬ ಒಂದೇ ಕ್ರಿಯಾಪದ ವೇಷ ಬದಲಿಸಿ ಕೂತಿರುವುದು ಕಾಣುತ್ತಿತ್ತು. ಬಸ್ಸು ಹತ್ತುವುದೂ ಟೇಕ್, ಮಾತ್ರೆ ನುಂಗುವುದೂ ಟೇಕ್, ಫೋಟೋ ತೆಗೆಯುವುದೂ ಟೇಕ್. ಮಗಳು ತಾಯಿಯನ್ನು ಹೋಲಿದರೂ ಟೇಕ್, ಗಂಡನನ್ನು ಸಹಿಸಿಕೊಂಡರೂ ಟೇಕ್. ಅನುಮಾನದವನ ಕಣ್ಣು ಮಾತ್ರ ತನಗೆ ಬೇಕಾದ ಪುಟದ ಮೇಲೇ ನೆಟ್ಟಿತ್ತು. ನನ್ನ ಕಣ್ಣೇನೂ ಅದಕ್ಕಿಂತ ಮೇಲಲ್ಲ.

"ನೀನು ಅವಳನ್ನೇ ಕೇಳಲಾ," ಎಂದೆ.

"ಕೇಳಿದ್ರೆ ನಿಜ ಏಳ್ತಾಳಾ? ಮೊನ್ನೆಯಿಂದ ನಗ್ತಾವ್ಳೆ ಅಣ್ಣಾ, ಕಾರಣವೇ ಇಲ್ಲ."

ರಾತ್ರಿಯೇ ಅವಳು ಹೊಸ ಸೀರೆ ತೆಗೆದಿಟ್ಟದ್ದು ಕಂಡು, ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಅವನು ನನ್ನನ್ನು ಸಾಕ್ಷಿಗೆಂದು ಕರೆಸಿಕೊಂಡ. ರಮಾಮಣಿ ಹೊಸ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಟು ನಿಂತಿದ್ದಳು.

"ಎಲ್ಲಿಗೆ?"

"ಕೆಲಸ ಐತೆ. ಸಂಜೆ ಬತ್ತೀನಿ."

"ಓಗು. ಮಗ್ಗ ನೋಡಿ ಓಗು."

ನಾನೂ ಮಗ್ಗದ ಕಡೆ ತಿರುಗಿದೆ. ಉದ್ದಕ್ಕೆ ಕಟ್ಟಿದ ಹಾಸುನೂಲಿನ ನಡುವೆ ಅರವತ್ತು ಎಳೆ ತುಂಡಾಗಿ ಜೋತಾಡುತ್ತಿದ್ದವು. ನೇಕಾರ ತನ್ನ ಬೆರಳನ್ನಾದರೂ ಕತ್ತರಿಸಿಕೊಂಡಾನು, ಹಾಸುನೂಲಿಗೆ ಕತ್ತರಿ ಇಡುವುದಿಲ್ಲ.

ರಮಾಮಣಿ ಚೀಲ ಇಳಿಸಿ ಕೂತು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಎತ್ತಿದಳು. ಈಗ ಅನುಮಾನ ಅವಳ ಮುಖಕ್ಕೆ ಬಂತು.

"ಇಲಿನಾ?"

"ಇಲಿಯೇ ಇರಬೇಕು," ಎಂದ ಎಲ್ಲಪ್ಪ.

"ಇಲಿ ಕಡಿದ್ರೆ ತುದಿ ಪೊರಕೆ ಆಗ್ತೈತೆ. ಇದು ಸೂಜಿ ತರಾ ಐತೆ. ನಿನ್ ಇಲಿ ಕತ್ತರಿ ಹಿಡಿದಿತ್ತಾ?"

ನಾನು ಕೆಮ್ಮಿದೆ. ಕೊನೆಗೆ ಎಲ್ಲಪ್ಪನೇ ಅಂಗಿಯೊಳಗಿಂದ ಪುಸ್ತಕ ತೆಗೆದು ಅವಳ ಮುಂದಿಟ್ಟು, "ಈ ಮಗಳು ಯಾರು, ಏಳು," ಎಂದ.

ಅವಳು ಮೊದಲು ನಕ್ಕಳು. ಆಮೇಲೆ ನಗಲಿಲ್ಲ.

"ಅಡ್ಡಬೀದಿ ಕಲೈವಾಣಿ ಟೀಚರ್ ಕೊಟ್ಟ ಇಂಗ್ಲೀಸ್ ಪಾಠ ಇದು. ತೊಪ್ಪೂರು ಘಾಟಿ ಕೆಳಗೆ, ಹೈವೇ ಮೇಲೆ, ಕೈಮಗ್ಗದ ಅಂಗಡಿ ಒಂದು ತೆಗೆದವ್ರೆ. ಕಾರಿನಾಗೆ ಬರೋರಿಗೆ ಇಂಗ್ಲೀಸ್ನಾಗೆ ಮಗ್ಗದ ಕೆಲಸ ಇವರಿಸೋಕೆ ಎಂಗಸು ಬೇಕಂತೆ. ಅತ್ತು ಗಂಟೆಗೆ ಇಂಟರ್‌ವ್ಯೂ."

"ನಂಗೆ ಯಾಕೆ ಏಳಲಿಲ್ಲ?"

"ಏಳಿದ್ರೆ ಬಿಡ್ತಿದ್ಯಾ?"

ಗಡಿಯಾರ ಏಳೂವರೆ ತೋರಿಸುತ್ತಿತ್ತು. ಅರವತ್ತು ಗಂಟು ಹಾಕಲು ಅವಳ ಬೆರಳಿಗೂ ಒಂದು ಗಂಟೆ ಬೇಕು. ಕಟ್ಟಳೆ ಮೀರಿದರೆ ಅಂಗಡಿಯ ಕೆಲಸ ಸಿಗಬಹುದು, ಪಾಲಿಸಿದರೆ ಎಂಟರ ಬಸ್ಸು ತಪ್ಪುತ್ತದೆ. ರಮಾಮಣಿ ಎಳೆಗಳನ್ನು ನೋಡಿದಳು, ಗಂಡನನ್ನು ನೋಡಿದಳು.

"ಮೂವತ್ತೊಂದು ವರ್ಷ ಜೊತೆಗಿದ್ದೀನಿ. ನನ್ನನ್ನ ಕೇಳದೆ ಪುಸ್ತಕನ ಕೇಳಿದೆ ನೀನು. ಅರಿದ ಎಳೆ ಕಟ್ಟೋದು ನನ್ ಕೆಲಸ. ಕೊಯ್ದ ಎಳೆ ಕಟ್ಟೋದು ಕೊಯ್ದೋನ ಕೆಲಸ." ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದಳು.

ಎಲ್ಲಪ್ಪ ಅವಳ ಹಿಂದೆ ಓಡಲಿಲ್ಲ. ಮಗ್ಗದ ಪಕ್ಕ ಹೆಂಗಸರು ಗಂಟು ಹಾಕಲು ಕೂರುವ ಕಡೆ ಹೋಗಿ ಕೂತ. ಆ ಮನೆಯ ಗಂಡಸು ಅಲ್ಲಿ ಕೂತದ್ದು ಅದೇ ಮೊದಲು. ಸುದ್ದಿ ಹಬ್ಬಿ ಮಾರಂಡಹಳ್ಳಿಯಿಂದಲೂ ಜನ ನೋಡಲು ಬಂದರು ಎಂದು ಹೇಳಬಹುದಿತ್ತು, ಆದರೆ ಬಂದದ್ದು ಬೀದಿಯ ಹೆಂಗಸರಷ್ಟೇ. ಅವರ ನಗು ಮಾತ್ರ ಮೊರಪ್ಪೂರು ಸ್ಟೇಷನ್ನಿಗೆ ಕೇಳಿಸಿರಬೇಕು.

"ಅಣ್ಣಾ," ಎಂದ ನನಗೆ, ಈಗ ಪುಸ್ತಕದ ಎಡಗಡೆಯ ಪುಟ ನೋಡುತ್ತಾ, ಎಳೆಯ ತುದಿ ಹುಡುಕುತ್ತಾ. "ಟೇಕ್ ಅನ್ನೋ ಒಂದೇ ಮಾತು ಅಷ್ಟು ಕೆಲಸ ಮಾಡ್ತೈತಂದ್ರೆ ಅದನ್ನ ನಂಬಬೌದಾ?"

"ಮಾತು ಬಿಡಲಾ. ಗಂಟು ನೋಡು."

ಸಂಜೆ ಐದಕ್ಕೆ ರಮಾಮಣಿ ಬಂದಳು. ಹತ್ತೊಂಬತ್ತು ಗಂಟು ಬಿದ್ದಿದ್ದವು, ಅದರಲ್ಲಿ ಹನ್ನೊಂದು ತಪ್ಪು ಎಳೆಗೆ. ಅವಳು ಸೆರಗು ಸಿಕ್ಕಿಸಿ ಅವನ ಪಕ್ಕ ಕೂತು ಒಂದೊಂದಾಗಿ ಬಿಚ್ಚತೊಡಗಿದಳು. ಅವನು ಜಾಗ ಬಿಟ್ಟು ಏಳಲಿಲ್ಲ. ಅವಳು ತುದಿ ಹುಡುಕಿ ಕೊಟ್ಟಳು, ಅವನು ಹಿಡಿದುಕೊಂಡ.

"ಸಿಕ್ತಾ?" ಎಂದ, ಎಳೆಯಿಂದ ಕಣ್ಣೆತ್ತದೆ.

"ಸೋಮವಾರದಿಂದ ಬಾ ಅಂದವ್ರೆ."