ಎರಡು ‘ಅಂತ’ ನುಂಗಿದ ಮಿಷನ್ನು

ಈ ಫೋನಲ್ಲಿ ಟೈಪ್ ಮಾಡೋದ ನಂಗೆ ಕಲ್ಸಿದ್ದು ನನ್ನ ಮಗಳು. ಆಗ ಅವ್ಳೇ ಇನ್ನೂ ಕೊಳ್ಳೇಗಾಲದಲ್ಲಿ ಕಂಪ್ಯೂಟ್ರು ಕಲೀತಿದ್ಲು. ಒಂದು ಮೇಲ್ ಒಳಗೆ ಇನ್ನೊಂದು, ಅದ್ರೊಳಗೆ ಮತ್ತೊಂದು ಮೇಲ್ ಇದ್ರೆ, ಯಾವ್ದು ಯಾರು ಬರ್ದಿದ್ದು ಅಂತ ತೋರ್ಸೋ ಪ್ರೋಗ್ರಾಮ್ ಬರೀಬೇಕಿತ್ತು. ಸರಿಯಾಗಿ ಬರುದ್ರೆ ಅಲ್ಲೇ ಕಲ್ಸೋ ಕೆಲ್ಸ ಕೊಡ್ತೀನಿ ಅಂದಿದ್ರು ಅವ್ಳ ಮೇಷ್ಟ್ರು.

ಅದ ಬರಿಯೋ ದಿನ ನಮ್ಮೂರು ಮಧುವನಹಳ್ಳಿಯಿಂದ ಜೊತೇಲಿ ಓಗಿ ನಾನೂ ಪಕ್ಕದಲ್ಲಿ ಕುಂತಿದ್ದೆ.

“ಅವ್ವ, ಪರೀಕ್ಷೆ ಮಾಡಕೆ ಏನಾರ ಒಂದು ಮಾತೇಳು” ಅಂದ್ಲು.

“ನಿಮ್ಮ ಮೇಷ್ಟ್ರು ಮೀಸೆಗೆ ಬಣ್ಣ ಅಚ್ಕತಾರೆ ಅಂತ ಅಗರದಜ್ಜಿ ಅಂದ್ಲು ಅಂತ ನಿಮ್ಮ ಮಾರ್ಟಳ್ಳಿ ಅತ್ತೆ ಅಂದ್ಲು ಕಣವ್ವ” ಅಂದೆ.

ಅಜ್ಜಿ ಮಾತ ಅತ್ತೆ ಮೇಲ್ ಒಳಗೆ, ಅತ್ತೇದ ನನ್ನ ಮೇಲ್ ಒಳಗೆ ಆಕುದ್ಲು. ಅಷ್ಟೊತ್ಗೆ ಮೇಷ್ಟ್ರು ಇಂದೆ ಬಂದು ನಿಂತು, ಪರದೆ ಮೇಲೆ ಬಂದಿದ್ದ ಗಟ್ಟಿಯಾಗಿ ಓದುದ್ರು. “ಅವ್ವ: ಮೇಷ್ಟ್ರು ಮೀಸೆಗೆ ಬಣ್ಣ ಅಚ್ಕತಾರೆ.”

ಕೆಲ್ಸ ಓಯ್ತು ಅಂತ ಮಗಳ ಮೊಕ ಬೆಳ್ಳಗಾಯ್ತು.

“ನಾನೆಲ್ಲಿ ಅಂದೆ ಸಾ? ನಿಮ್ಮ ಮಿಷನ್ನು ಎರಡು ‘ಅಂತ’ ನುಂಗಾಕದೆ” ಅಂದೆ.

ಆಗ ಅವ್ಳಿಗೆ ತಪ್ಪು ಒಳೀತು. ಮೊದ್ಲು ಎಲ್ಲಾ ಮೇಲ್ನೂ ಬಿಚ್ಚಿ ಒಂದೇ ಮಾಡಿ, ಎಲ್ಲಕ್ಕಿಂತ ಆಚೆ ಇದ್ದ ಮೇಲ್‌ನ ಎಸರು, ಅಂದ್ರೆ ನನ್ನೆಸರು, ಅಂಟ್ಸಿಬುಟ್ಟಿದ್ಲು. ಈಗ ಒಂದೊಂದ್ನೂ ಅದರದರ ಎಸರಿನ ಜೊತೆ ಒಂದ್ರೊಳಗೊಂದು ಮಡುಗುದ್ಲು. ಮೂರೆಸ್ರೂ ಸರಿಯಾಗಿ ಬಂದ್ವು.

ಮೇಷ್ಟ್ರು ಮೀಸೆ ಸವರ್ಕಂಡು, “ಅಗರದಜ್ಜಿ ನನ್ನ ಯಾವಾಗ ನೋಡುದ್ರಮ್ಮ?” ಅಂದ್ರು ನಂಗೆ.

ನಾನು ಬಾಯಿ ಬುಡೋಕೆ ಮುಂಚೆ ಮಗಳು, “ಅದು ಮೇಲ್‌ನಲ್ಲಿ ಇಲ್ಲ ಸಾ” ಅಂದ್ಲು.

“ಸೋಮವಾರದಿಂದ ಕಲ್ಸಕೆ ಬಾ” ಅಂದ್ರು ಮೇಷ್ಟ್ರು. “ನಿಮ್ಮವ್ವನ್ನ ಮಾತ್ರ ಮನೇಲಿ ಬುಟ್ಟು ಬಾ.”