ಕೊಲಂಬೊಗೆ ಹೋದ ಫಾರ್ವರ್ಡ್

ನನ್ನ ಮಾವ, ಗಂಡನ ಅಪ್ಪ ನೊರ್ಬರ್ಟ್, ಒಂದು ಕಾಲದಲ್ಲಿ ರಗ್ಬಿ ಆಡುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದು ಹೋದ ತಿಂಗಳು, ಮಸ್ಕತ್‌ನ ಅಲ್ ಹೈಲ್‌ನ ನಮ್ಮ ಮನೆಗೆ ಬಂದ ಒಂದು ಫೋನಿನಿಂದ. ಅರುವತ್ತೊಂಬತ್ತರ ಮಾವ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದಾರೆ. ಇಲ್ಲಿನ ಹಳೆಯ ರಗ್ಬಿ ಕ್ಲಬ್ಬೊಂದು, ಹಿಂದೆ ಗಲ್ಫ್ ತಂಡಕ್ಕೆ ಆಡಿದವರನ್ನು ಹುಡುಕಿ, ಆಗ ಕೊಡದೆ ಉಳಿದಿದ್ದ ಗೌರವದ ಟೋಪಿಯನ್ನು ಕೊಡುತ್ತಿತ್ತು. ಮಾವ ಮಾತ್ರ "ನಂಗೆ ಬೇಡ" ಎಂದುಬಿಟ್ಟರು.

ನನಗೆ ಆ ಆಟ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ನೋಡಿ ಎದೆ ಹೊಡೆದುಕೊಂಡಿತು. ಎಂಟೆಂಟು ಜನ ಹೆಗಲು ಹೆಣೆದು, ತಲೆ ತಗ್ಗಿಸಿ, ಎದುರಿನವರನ್ನು ತಳ್ಳುವುದು. ಹಾಗೆ ತಳ್ಳುವವರೇ ಫಾರ್ವರ್ಡ್‌ಗಳು; ಮಾವ ಇರುತ್ತಿದ್ದದ್ದು ಅದರ ಮುಂದಿನ ಸಾಲಿನಲ್ಲಿ.

"ಕುತ್ತಿಗೆ ಮುರಿದಿದ್ರೆ ಏನು ಮಾಡ್ತಿದ್ರಿ ಪಪ್ಪಾ?"

"ನಲ್ವತ್ತು ವರ್ಷ ಆಯ್ತು ಶೆರ್ಲಿನ್. ಇನ್ನು ಹೆದರಿ ನೀನು ಮಾಡುದೇನು?"

ಆಗ ಮಸ್ಕತ್‌ನ ಘಾಲಾದ ಗ್ಯಾರೇಜಿನಲ್ಲಿ ಅವರು ಮೆಕ್ಯಾನಿಕ್. ಗೇರ್‌ಬಾಕ್ಸೊಂದನ್ನು ಒಬ್ಬರೇ ಎತ್ತಿಟ್ಟದ್ದನ್ನು ಕಂಡ ಬ್ರಿಟಿಷ್ ಇಂಜಿನಿಯರೊಬ್ಬ ಮೈದಾನಕ್ಕೆ ಕರೆದೊಯ್ದನಂತೆ. ಹುಲ್ಲಿರಲಿಲ್ಲ, ಎಣ್ಣೆ ಹೊಯ್ದು ಗಟ್ಟಿ ಮಾಡಿದ ಮರಳು. ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಸಂಜೆ ಆಟ. ಶನಿವಾರ ಸುಲಿದ ಮೊಣಕೈಯಲ್ಲೇ ಕೆಲಸ. ಐದು ವರ್ಷ ಹೀಗೆ ಆಡಿದ ಮೇಲೆ, 1985ರಲ್ಲಿ, ಗಲ್ಫ್ ತಂಡಕ್ಕೆ ಆಯ್ಕೆಯಾದರು. ಪಂದ್ಯ ಇದ್ದದ್ದು ಕೊಲಂಬೊದಲ್ಲಿ.

ಪಾಸ್‌ಪೋರ್ಟ್ ಇದ್ದದ್ದು ಕಂಪನಿಯ ಕಪಾಟಿನಲ್ಲಿ. ರಜೆ ಎರಡು ವರ್ಷಕ್ಕೊಮ್ಮೆ. ಆಟಕ್ಕೆಂದು ಕೇಳಿದರೆ ಯಾರು ಕೊಡುತ್ತಾರೆ? ಆಗ ತುರ್ತು ರಜೆ ಬೇಕಾದವರು ಮಾಡುತ್ತಿದ್ದುದನ್ನೇ ಇವರೂ ಮಾಡಿದರು. ಊರಿನಲ್ಲಿದ್ದ ದೊಡ್ಡಪ್ಪನ ಮಗ ಸ್ಯಾವಿಯೋನಿಗೆ ಹೇಳಿ ಒಂದು ತಂತಿ ತರಿಸಿಕೊಂಡರು: ತಾಯಿ ಸೀರಿಯಸ್, ಕೂಡಲೇ ಹೊರಡು. ಮ್ಯಾನೇಜರ್ ಪಾಸ್‌ಪೋರ್ಟ್ ಕೈಗಿಟ್ಟು ಬೆನ್ನು ತಟ್ಟಿ ಕಳಿಸಿದ.

"ಕೊಲಂಬೊದಲ್ಲಿ ಮಳೆ. ಹುಲ್ಲಿನ ಮೇಲೆ ಆಡಿದ್ದು ನಾನು ಅದೇ ಮೊದಲು," ಎಂದರು ಮಾವ. "ಒಮ್ಮೆ ಎಲ್ಲರೂ ಮಗುಚಿ ಬಿದ್ದೆವು. ಮೂಗು ನೆಲಕ್ಕೆ ಒತ್ತಿತ್ತು. ನಮ್ಮ ಶಿರ್ವದ ಗದ್ದೆಯದ್ದೇ ಪರಿಮಳ. ಊರು ಇಲ್ಲೇ ಆಚೆ ಅಲ್ವ ಅಂತ ಅನ್ನಿಸಿತು."

"ಹೋಗಿ ಬರಬಹುದಿತ್ತಲ್ಲ?"

"ತಂಡದ ಟಿಕೆಟ್ ಮಸ್ಕತ್‌ಗೆ ಇದ್ದದ್ದು."

ಸ್ಯಾವಿಯೋನ ಕಾಗದ ಬಂದದ್ದು ಆಮೇಲೆ. ತಂತಿಯ ಸುದ್ದಿ ಪೋಸ್ಟಾಫೀಸಿನಿಂದ ಮಾವನ ಅಮ್ಮನ ಕಿವಿಗೂ ಬಿದ್ದಿತ್ತು. ಆಕೆ ಸಿಟ್ಟಾಗಲಿಲ್ಲ. "ನಾನು ಸಾಯ್ತೇನೆ ಅಂತ ಹೇಳಿದ್ರೆ ಮಗ ಬರುದಾದ್ರೆ ದಿನಾ ಹೇಳಿ" ಎಂದು ನಕ್ಕು, ಮಗ ಬರುತ್ತಾನೆಂದು ಇಡ್ಲಿಯಂಥ ‘ಸಣ್ಣ’ಕ್ಕೆ ಅಕ್ಕಿ ನೆನೆಹಾಕಿದಳಂತೆ. ಮಗ ಎಲ್ಲಿಗೆ ಹೋಗಿದ್ದಾನೆಂದು ಹೇಳಲು ಸ್ಯಾವಿಯೋನಿಗೆ ಬಾಯಿ ಬರಲಿಲ್ಲ. ಹದಿನೈದು ದಿನ ಆಕೆ ಪ್ರತಿ ಬಸ್ಸಿಗೂ ಅಂಗಳಕ್ಕೆ ಬಂದು ನಿಂತಳು.

ಮರುವರ್ಷ ಈಸ್ಟರಿಗೆ ಮೊದಲು ಆಕೆ ನಿದ್ದೆಯಲ್ಲೇ ತೀರಿಕೊಂಡಳು. ಮಾವನ ರಜೆಗೆ ಇನ್ನೂ ಏಳು ತಿಂಗಳಿತ್ತು.

"ಮತ್ತೆ ಆಡಿದ್ರಾ ಪಪ್ಪಾ?"

"ಇಲ್ಲ. ಬೂಟು ಗ್ಯಾರೇಜಿನ ಮಮ್ಮದನಿಗೆ ಕೊಟ್ಟೆ. ಅವ ಅದನ್ನು ಹಾಕಿ ವೆಲ್ಡಿಂಗ್ ಮಾಡ್ತಿದ್ದ."

ಬರುವುದಿಲ್ಲವೆಂದು ಕ್ಲಬ್ಬಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮಗುವಿಗೆ ಊಟ ಮಾಡಿಸುತ್ತಲೇ ಫೋನ್ ಮಾಡಿದೆ. ಆಚೆಯವರು ಅಷ್ಟು ಪ್ರೀತಿಯಿಂದ ಮಾತಾಡಿದಾಗ ಇಲ್ಲ ಎನ್ನಲಾಗದೆ, ಬಾಯಿಗೆ ಬಂದ ನೆಪ ಹೇಳಿದೆ: "ಮಾವನಿಗೆ ಹುಷಾರಿಲ್ಲ."

ಮಾವ ಸೋಫಾದಿಂದ ಎದ್ದು ಬಂದರು. ಅವರ ಮುಖ ಬಿಳಿಚಿಕೊಂಡಿತ್ತು.

"ಹಾಗೆ ಹೇಳ್ಬೇಡ. ನಂಗೇನೂ ಆಗ್ಲಿಲ್ಲ. ಬರ್ತೇನೆ ಅಂತ ಹೇಳು."

ಶುಕ್ರವಾರ ಸಂಜೆ ಕ್ಲಬ್ಬಿನಲ್ಲಿ ಟೋಪಿ ಪಡೆಯುವವರ ಸಾಲಿನಲ್ಲಿ ಅವರು ಕೊನೆಯವರು. ಬಿಸಿಲಿಗೆ, ಅವರ ಮೊಣಕಾಲು ನೋವಿಗೆ ಹೆದರಿ ನಾನು ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ. ಟೋಪಿ ಕೊಟ್ಟು, ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. ಗ್ಯಾರೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಮಾವ ನಿಧಾನಕ್ಕೆ ಹೇಳಿದರು: "ನನ್ನ ತಾಯಿ ಸೆರಪಿನ್ ಬಾಯಿ. ಆಕೆಗೆ ಕಾಯಿಲೆ ಇರಲಿಲ್ಲ."

ಜನರಿಗೆ ಏನೂ ತಿಳಿಯಲಿಲ್ಲ. ಕೊಂಚ ತಡೆದು ಚಪ್ಪಾಳೆ ತಟ್ಟಿದರು. ಮಾವ ಮೈಕ್ ಹಿಡಿದೇ ನಿಂತಿದ್ದರು, ಇನ್ನೂ ಏನೋ ಹೇಳಲಿಕ್ಕಿರುವವರ ಹಾಗೆ.